ಯಂತ್ರದಲ್ಲಿ ದೋಷ ಕಂಡುಬಂದಿಲ್ಲ

ನಾನು ನಿವೃತ್ತಳಾದ ದಿನ, ನನ್ನ ಜಾಗಕ್ಕೆ ಬಂದ ಸುನಂದಾ ಯಾದಗಿರಿ ಬಸ್‌ಸ್ಟ್ಯಾಂಡಿನವರೆಗೂ ಬಂದು ಒಂದು ಮಾತು ಕೇಳಿದಳು.

"ಅಕ್ಕಾರ, ಮಷೀನ್ ಹೆಂಗ ನಡಸೂದು ಅಂತ ಎಲ್ಲಾ ಕಡೆ ಬರದದ. ಎಲ್ಲೂ ಬರೀಲಾರದ್ದು ಏನರ ಇದ್ರ ಅದನ್ನ ಬರದು ಕೊಡ್ರಿ."

ಹೂಂ ಅಂದೆ. ಶಹಾಪುರದ ಬಸ್ಸು ಬಂತು, ಹತ್ತಿದೆ. ಆಮೇಲೆ ಒಂದೂವರೆ ವರ್ಷ ಬರೆಯಲಿಲ್ಲ. ಏನು ಬರೆಯಬೇಕೆಂದು ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು, ಅದಕ್ಕೇ ಕೈ ಬರಲಿಲ್ಲ.

ನಮ್ಮದು ಸಣ್ಣ ಖಾಸಗಿ ಸಂಸ್ಥೆ. ಕೃಷ್ಣೆಯ ದಂಡೆಯಲ್ಲಿ, ಕಾಲುವೆಗಳ ಮೇಲೆ ಅಲ್ಲಲ್ಲಿ ನೀರಿನ ಮಟ್ಟ ಅಳೆಯುವ ಸಾಧನಗಳನ್ನು ಕೂರಿಸಿದ್ದೆವು. ಅವು ಕಳಿಸುವ ಅಂಕಿಗಳು ಯಾದಗಿರಿಯ ನಮ್ಮ ಸರ್ವರ್ ಕೋಣೆಗೆ ಬರುತ್ತಿದ್ದವು. ನೀರು ಗುರುತು ದಾಟಿದರೆ ಕಂಪ್ಯೂಟರೇ ದಂಡೆಯ ಊರುಗಳ ರೈತರಿಗೆ ಫೋನ್ ಮಾಡುತ್ತಿತ್ತು: ನದಿಗೆ ನೀರು ಬರುತ್ತಿದೆ, ಪಂಪ್‌ಸೆಟ್ ಮೇಲೆ ತೆಗೆದುಕೊಳ್ಳಿ, ದಂಡೆಗೆ ಇಳಿಯಬೇಡಿ. ಇಷ್ಟೇ. ಆ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ದಿನಾ ಬೆಳಿಗ್ಗೆ ಶಹಾಪುರದಿಂದ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಿದ್ದೆ.

ಮೊದಲ ಪಾಠ ವನದುರ್ಗದ ಹತ್ತಿರದ ಒಂದು ಕಾಲುವೆಯ ಮೇಲೆ ಆಯಿತು. ಮೂರು ದಿನ ಅಲ್ಲಿಂದ ಒಂದೇ ಅಂಕಿ ಬಂತು. ಏರಲಿಲ್ಲ, ಇಳಿಯಲಿಲ್ಲ. ನನಗೆ ಖುಷಿ, ಒಂದು ಕಡೆಯಾದರೂ ತಂಟೆ ಇಲ್ಲವಲ್ಲ ಎಂದು. ಆಗ ನಮಗೆ ಗುರುರಾಯರು ಎಂಬ ಹಿರಿಯರು ಮುಖ್ಯಸ್ಥರಾಗಿದ್ದರು. ಅವರು ಅಂಕಿಗಳ ಹಾಳೆ ನೋಡಿ ಜೀಪು ತರಿಸಿ ನನ್ನನ್ನೂ ಕೂರಿಸಿಕೊಂಡು ಹೊರಟರು. ಹೋಗಿ ನೋಡಿದರೆ ನೀರಿನ ಮೇಲೆ ತೇಲಬೇಕಾದ ಬುರುಡೆ ಜಾಲಿಯ ಟೊಂಗೆಗೆ ಸಿಕ್ಕಿಕೊಂಡಿತ್ತು. ಕೆಳಗೆ ಕಾಲುವೆ ತುಂಬಿ, ಏರಿಯ ಮಣ್ಣು ಹಿಡಿಹಿಡಿಯಾಗಿ ಬೀಳುತ್ತಿತ್ತು.

"ಮೂರು ದಿನ ನೀರು ಒಂದ ಮಟ್ಟಕ್ಕ ನಿಂತದಂದ್ರ ನಿಮಗ ಸಂಶಯ ಬರಲಿಲ್ಲೇನು?" ಎಂದರು ಗುರುರಾಯರು. "ನೀರಿಗೆ ಅಷ್ಟು ಶಿಸ್ತು ಎಲ್ಲಿಂದ ಬಂತವ್ವ?"

ಅವತ್ತು ಯಾರಿಗೂ ಏನೂ ಆಗಲಿಲ್ಲ. ಸಪ್ಪಳ ಇಲ್ಲ ಅಂದರೆ ಸುಖ ಇದೆ ಅಂತಲ್ಲ, ಇದು ತಲೆಗೆ ಹೋಯಿತು ಎಂದುಕೊಂಡೆ. ತಲೆಗೆ ಹೋದದ್ದು ಕೈಗೆ ಇಳಿಯುವುದು ಬೇರೆ ಮಾತು.

ಆ ದಿನಗಳಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಡಬ್ಬಿ. ಅಳತೆಗೆ ಒಂದು, ಫೋನಿಗೆ ಒಂದು, ಲೆಕ್ಕಾಚಾರಕ್ಕೆ ಒಂದು, ಹೀಗೆ ಗೋಡೆಯುದ್ದಕ್ಕೂ ಏಳು. ಬೇಸಿಗೆಯಲ್ಲಿ ಎರೆಹೊಲದ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬಂದು ಫ್ಯಾನುಗಳಲ್ಲಿ ಕೂರುತ್ತಿತ್ತು. ಗೋಡೆಗೆ ಬಣ್ಣ ಬಳಿಯುವ ಕುಂಚ ಹಿಡಿದು ವಾರಕ್ಕೊಮ್ಮೆ ತೆಗೆಯುತ್ತಿದ್ದೆವು. ಡಬ್ಬಿ ಕೆಟ್ಟರೆ ಅದರ ಸಪ್ಪಳದಿಂದಲೇ ಗೊತ್ತಾಗುತ್ತಿತ್ತು. ಆಮೇಲೆ ವರ್ಚುವಲ್ ಮಷೀನುಗಳು ಬಂದವು. ಒಂದೇ ದೊಡ್ಡ ಸರ್ವರ್. ಅದರ ಹೊಟ್ಟೆಯೊಳಗೆ ಏಳು ಕಂಪ್ಯೂಟರುಗಳು ಇವೆ ಎಂದು ಸಾಫ್ಟ್‌ವೇರ್ ನಟಿಸುತ್ತದೆ. ಒಳಗಿರುವ ಪ್ರತಿಯೊಂದೂ ತನಗೆ ಸ್ವಂತ ಪ್ರೊಸೆಸರ್, ಸ್ವಂತ ಮೆಮೊರಿ ಇದೆ ಎಂದು ನಂಬಿ ಕೆಲಸ ಮಾಡುತ್ತದೆ. ಇರುವುದೆಲ್ಲ ಹೊರಗಿನ ಸರ್ವರಿನದು. ಕೋಣೆ ತಣ್ಣಗಾಯಿತು, ಧೂಳು ಕಡಿಮೆಯಾಯಿತು. ಕಿವಿಗೆ ಕೆಲಸ ಇಲ್ಲವಾಯಿತು.

ಮುಂದಿನ ಕಥೆಗೆ ಬೇಕಾದ ಒಂದು ಸಂಗತಿಯನ್ನು ಇಲ್ಲೇ ಬಿಡಿಸಿ ಹೇಳುತ್ತೇನೆ. ಪ್ರೊಸೆಸರಿನ ಒಳಗೆ ಎಣಿಸುವುದಕ್ಕೆಂದೇ ಕೆಲವು ಕೌಂಟರುಗಳಿರುತ್ತವೆ. ಎಷ್ಟು ಹೆಜ್ಜೆ ನಡೆದೆ, ಎಷ್ಟು ಸಲ ಎಡವಿದೆ ಎಂದು ಪ್ರೊಸೆಸರು ತನ್ನ ಕೆಲಸವನ್ನು ತಾನೇ ಎಣಿಸಿಕೊಳ್ಳುವುದು ಇವುಗಳಿಂದ. ವೇಗ ಅಳೆಯಲು ಇವನ್ನು ಬಳಸುತ್ತಾರೆ. ಇನ್ನೊಂದು ಬಳಕೆಯೂ ಉಂಟು. ಕಂಪ್ಯೂಟರಿನ ಮೂಲ ತಂತ್ರಾಂಶವಾದ ಕರ್ನಲ್ ಇಂಥ ಒಂದು ಕೌಂಟರನ್ನು ಕಾವಲಿಗೆ ಇಟ್ಟುಕೊಂಡಿರುತ್ತದೆ. ಅದು ಇಷ್ಟು ಎಣಿಸಿದೊಡನೆ ಬಾಗಿಲು ತಟ್ಟುತ್ತದೆ. ಉಳಿದದ್ದೆಲ್ಲ ಸ್ತಬ್ಧವಾಗಿದ್ದರೂ ಆ ತಟ್ಟುವಿಕೆ ಮಾತ್ರ ನಿಲ್ಲುವುದಿಲ್ಲ. ತಟ್ಟಿದಾಗೆಲ್ಲ ಕರ್ನಲಿನೊಳಗಿನ ಕಾವಲುಗಾರ ಎದ್ದು ನೋಡುತ್ತಾನೆ, ಕೆಲಸ ಮುಂದಕ್ಕೆ ಹೋಗುತ್ತಿದೆಯೇ ಎಂದು. ಹೋಗುತ್ತಿಲ್ಲವಾದರೆ ಒಂದು ಸಾಲು ಬರೆದಿಟ್ಟು ಮಷೀನನ್ನು ಬಂದ್ ಮಾಡಿ ಮತ್ತೆ ಶುರು ಮಾಡುತ್ತಾನೆ. ಒಳಗಿನ ಮಷೀನುಗಳಿಗೆ ಸ್ವಂತ ಕೌಂಟರ್ ಎಲ್ಲಿಂದ ಬರಬೇಕು? ಹೊರಗಿನ ಸರ್ವರಿನ ಕರ್ನಲ್ ತನ್ನದನ್ನು ಕಡ ಕೊಡುತ್ತದೆ.

ಫೋನ್ ಮಾಡುವ ಮಷೀನಿಗೆ ಒಂದು ಹಳೆಯ ರೋಗವಿತ್ತು. ಸರ್ವರಿಗೆ ಕೂರಿಸಿದ ಫೋನ್ ಕಾರ್ಡನ್ನು ನಡೆಸುವ ತಂತ್ರಾಂಶ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಸಿಕ್ಕಿಬೀಳುತ್ತಿತ್ತು. ಅರ್ಧ ನಿಮಿಷದಲ್ಲಿ ಕಾವಲುಗಾರ ಎದ್ದು ಮಷೀನನ್ನು ಮತ್ತೆ ಶುರು ಮಾಡುತ್ತಿದ್ದ. ಫೋನುಗಳು ಎರಡು ನಿಮಿಷ ತಡವಾಗಿ ಹೋಗುತ್ತಿದ್ದವು, ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ತಿಳಿದಿತ್ತು. ರೋಗವನ್ನು ತೆಗೆಯಬೇಕಿತ್ತು. ಕಾವಲುಗಾರ ಇದ್ದಾನಲ್ಲ ಎಂದು ಬಿಟ್ಟೆ. ನನ್ನ ತಪ್ಪುಗಳ ಪಟ್ಟಿಯಲ್ಲಿ ಇದು ಮೊದಲನೆಯದು.

ಗುರುರಾಯರು ನಿವೃತ್ತರಾದ ಮೇಲೆ ಬಂದ ಮ್ಯಾನೇಜರಿಗೆ ನಕ್ಷೆಗಳ ಮೇಲೆ ಪ್ರೀತಿ. ಸರ್ವರ್ ತಾಸಿಗೊಮ್ಮೆ ಎಷ್ಟು ದುಡಿಯಿತು ಎಂದು ಬಣ್ಣಬಣ್ಣದ ಗೆರೆಗಳಲ್ಲಿ ಬೇಕು. ಅದಕ್ಕಾಗಿ ಸರ್ವರಿನ ಕೌಂಟರುಗಳನ್ನು ತಾಸಿಗೊಮ್ಮೆ ಕೆಲವು ಸೆಕೆಂಡು ಹಿಡಿದು ಅಳೆಯುವ ಒಂದು ಚಿಕ್ಕ ಪ್ರೋಗ್ರಾಂ ಬರೆದು ಹಚ್ಚಿದೆ. ಅವರು ಮೆಚ್ಚಿದರು. ನನಗೂ ಹೆಮ್ಮೆಯಾಗಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಕರ್ನಲಿನ ಹೊಸ ಆವೃತ್ತಿ ಬಂತು. ಭದ್ರತೆಯ ದೃಷ್ಟಿಯಿಂದ ಬೇಗ ಹಾಕಿಕೊಳ್ಳಿ ಎಂದಿದ್ದರು. ಒಂದು ಶುಕ್ರವಾರ ಮಧ್ಯಾಹ್ನ ಹಾಕಿದೆ. ನನ್ನಲ್ಲಿ ಪರೀಕ್ಷೆಯ ಒಂದು ಪಟ್ಟಿ ಇತ್ತು: ಅಂಕಿಗಳು ಬರುತ್ತಿವೆಯೇ, ಫೋನ್ ಹೋಗುತ್ತಿದೆಯೇ, ಕರೆಂಟು ಹೋದರೆ ಬ್ಯಾಟರಿ ಹಿಡಿಯುತ್ತದೆಯೇ. ಎಲ್ಲಕ್ಕೂ ಸರಿ ಎಂದು ಗುರುತು ಹಾಕಿದೆ. ಕಾವಲುಗಾರ ಎಚ್ಚರವಿದ್ದಾನೆಯೇ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿರಲಿಲ್ಲ. ಪಟ್ಟಿ ಏಳು ಡಬ್ಬಿಗಳ ಕಾಲದ್ದು.

ನಮ್ಮಲ್ಲಿ ಮೌನೇಶ ಎಂಬ ಆಪರೇಟರ್ ಇದ್ದ. ತಿಂಥಣಿಯ ಕಡೆಯ ದಂಡೆಯ ಊರಿನವನು. ಊರಿನ ಹೆಸರು ಬೇಡ. ಐಟಿಐ ಮುಗಿಸಿ ಬಂದವನು, ಮಾತು ಕಡಿಮೆ, ಪಾಳಿಗೆ ಹತ್ತು ನಿಮಿಷ ಮೊದಲೇ ಬರುವವನು. ಪರದೆಯ ಮೇಲೆ ಮಷೀನಿಗೊಂದರಂತೆ ಏಳು ಚೌಕಗಳಿರುತ್ತವೆ, ಹಸಿರಿದ್ದರೆ ಸರಿ. ಕೆಂಪಾದರೆ ಗೋಡೆಗೆ ಅಂಟಿಸಿದ ಪಟ್ಟಿ ನೋಡಿ ರೈತರಿಗೆ ಕೈಯಿಂದಲೇ ಫೋನ್ ಮಾಡಬೇಕು. ಅವನ ಊರಿನವರ ನಂಬರುಗಳು ಅವನಿಗೆ ಪಟ್ಟಿ ನೋಡದೆಯೇ ಬರುತ್ತಿದ್ದವು.

ಕರ್ನಲ್ ಬದಲಿಸಿದ ಮೂರನೆಯ ವಾರ, ಒಂದು ಮಧ್ಯಾಹ್ನ, ಮೇಲಿನ ಕಡೆ ನದಿ ಏರಿತು. ಅಂಕಿಗಳು ಸರಿಯಾಗಿ ಬಂದವು. ಫೋನ್ ಮಷೀನು ಮಾತ್ರ ಒಂದೂ ಫೋನ್ ಮಾಡದೆ ಸಿಕ್ಕಿಬಿತ್ತು. ಅದಕ್ಕೆ ಎರಡು ಪ್ರೊಸೆಸರ್ ಕೊಟ್ಟಿದ್ದೆವು. ಒಂದು ಸ್ತಬ್ಧ, ಇನ್ನೊಂದು "ಇದ್ದೀಯಾ" ಎಂದು ಪರದೆ ಕೇಳಿದಾಗಲೆಲ್ಲ "ಇದ್ದೇನೆ" ಎನ್ನುತ್ತಿತ್ತು. ಚೌಕ ಹಸಿರಾಗಿಯೇ ಉಳಿಯಿತು. ನಾನು ಅಂದು ಸುರಪುರದಲ್ಲಿ ಒಂದು ಸಾಧನ ಬದಲಿಸಲು ಹೋಗಿದ್ದೆ.

ಮೇಲಿನ ಅಳತೆ ಕೇಂದ್ರದಲ್ಲಿದ್ದ ಹಿರಿಯನೊಬ್ಬ ಮೌನೇಶನಿಗೆ ಫೋನ್ ಮಾಡಿದನಂತೆ.

"ನೀರು ಜೋರ ಏರಾಕತ್ತದ. ಫೋನ ಹೋಗ್ಯಾವೇನಪಾ?"

ಮೌನೇಶ ಪರದೆ ನೋಡಿದ. ಏಳೂ ಹಸಿರು. "ಹೋಗ್ಯಾವ್ರಿ," ಅಂದ.

ಅವನ ಊರಿನಲ್ಲಿ ನಿಂಗಪ್ಪ ಎಂಬ ರೈತ ಮತ್ತು ಅವನ ತಮ್ಮ ದಂಡೆಯಲ್ಲಿ ಪಂಪ್‌ಸೆಟ್ಟಿನ ಪೈಪು ಜೋಡಿಸುತ್ತಿದ್ದರು. ಫೋನ್ ಬಂದರೆ ಮೇಲೆ ಬರುವುದು, ಬರದಿದ್ದರೆ ಕೆಲಸ ಮುಗಿಸುವುದು, ಅದು ಅವರ ರೂಢಿ. ನಾವೇ ಕಲಿಸಿದ ರೂಢಿ. ಮೊದಲೆಲ್ಲ ನೀರಿನ ಬಣ್ಣ ನೋಡಿ ಮೇಲೆ ಬರುತ್ತಿದ್ದರಂತೆ. ತಮ್ಮ ಬಂಡೆ ಹಿಡಿದು ಉಳಿದುಕೊಂಡ. ನಿಂಗಪ್ಪ ಮಾರನೆಯ ದಿನ ಎಷ್ಟೋ ದೂರ ಕೆಳಗೆ ಸಿಕ್ಕ. ಗೋಡೆಯ ಪಟ್ಟಿಯಲ್ಲಿ ಅವನ ಹೆಸರು ಮೂರನೆಯದು.

ಊರಿನಿಂದ ಕೂಗಾಟದ ಫೋನುಗಳು ಬಂದಾಗ ಮೌನೇಶ ಗಾಬರಿಯಾಗಿ ಫೋನ್ ಮಷೀನನ್ನು ಬಂದ್ ಮಾಡಿ ಶುರು ಮಾಡಿದ. ಶುರುವಾದ ಕೂಡಲೇ ಅದು ತಾನೇ ಎಲ್ಲರಿಗೂ ಫೋನ್ ಮಾಡಿತು, ನಿಂಗಪ್ಪನಿಗೂ.

ಮಾರನೆಯ ದಿನ ಮ್ಯಾನೇಜರು ನನ್ನನ್ನು ಕರೆದು ತಾಂತ್ರಿಕ ವರದಿ ಕೊಡಿ ಎಂದರು. ನಾನು ಇಡೀ ದಿನ ದಾಖಲೆಗಳನ್ನು ನೋಡಿದೆ. ಎರಡೂವರೆ ತಾಸು ಫೋನ್ ಮಷೀನು ಏನೂ ಬರೆದಿರಲಿಲ್ಲ. ಆಮೇಲೆ ಮೌನೇಶ ಕೈಯಿಂದ ಮತ್ತೆ ಶುರು ಮಾಡಿದ್ದು. ಪರದೆಯ ಇತಿಹಾಸ ಪೂರಾ ಹಸಿರು. ಹಳೆಯ ರೋಗ ನನಗೆ ನೆನಪಾಗದೆ ಇರಲಿಲ್ಲ. ಆದರೆ ನನ್ನ ತರ್ಕ ಹೀಗಿತ್ತು: ಮಷೀನು ಸಿಕ್ಕಿಬಿದ್ದಿದ್ದರೆ ಕಾವಲುಗಾರ ಒಂದು ಸಾಲು ಬರೆಯುತ್ತಿದ್ದ. ಸಾಲು ಇಲ್ಲ. ಆದ್ದರಿಂದ ಸಿಕ್ಕಿಬಿದ್ದಿಲ್ಲ. ಕಾವಲುಗಾರ ಕೂಗಲಿಲ್ಲ, ಆದ್ದರಿಂದ ಕಳ್ಳ ಬಂದಿಲ್ಲ. ಕಾವಲುಗಾರನೇ ಸತ್ತಿರಬಹುದು ಎಂದು ಹೊಳೆಯಲೇ ಇಲ್ಲ.

ಮೌನೇಶ ನನ್ನ ಮೇಜಿನ ಹತ್ತಿರ ಬಂದು ನಿಂತ. ಕಣ್ಣು ಬಾತಿದ್ದವು.

"ಅಕ್ಕಾರ, ನಾ ಮಲಗಿದ್ದಿಲ್ಲ. ಇಲ್ಲೇ ಕುಂತ ರೊಟ್ಟಿ ತಿಂದೀನಿ. ಎದ್ದಿಲ್ಲ."

"ಹೂಂ."

"ನೀವು ಮಷೀನ್ ಪೂರಾ ತೆಗದು ನೋಡ್ತೀರಲ್ಲ. ನಾ ಎಚ್ಚರ ಇದ್ದೆ ಅಂತ ಅದರಾಗ ಎಲ್ಲರ ಇರ್ತದಲ್ಲ?"

"ಅಂಥಾದ್ದೆಲ್ಲ ಮಷೀನದಾಗ ಇರಂಗಿಲ್ಲೋ ಮೌನೇಶ."

"ಮತ್ತ ಏನು ಇರ್ತದ್ರಿ?"

ವರದಿಯ ಕೊನೆಯಲ್ಲಿ "ಯಂತ್ರದಲ್ಲಿ ದೋಷ ಕಂಡುಬಂದಿಲ್ಲ" ಎಂದು ಬರೆದು ಸಹಿ ಹಾಕಿದೆ. ಸುಳ್ಳು ಬರೆಯಲಿಲ್ಲ. ನನಗೆ ಕಂಡುಬಂದಿರಲಿಲ್ಲ, ನಿಜ. ಆದರೆ ಓದುವವರು "ಕಂಡುಬಂದಿಲ್ಲ" ಎನ್ನುವುದನ್ನು "ಇಲ್ಲ" ಎಂದೇ ಓದುತ್ತಾರೆ ಎಂದು ಅಷ್ಟು ವರ್ಷದ ನೌಕರಿಯಲ್ಲಿ ನನಗೆ ಗೊತ್ತಿರಬೇಕಿತ್ತು.

"ಮಷೀನ್ ಬರೋಬ್ಬರಿ ಇತ್ತಂದ್ರ ಮನುಷ್ಯ ಬರೋಬ್ಬರಿ ಇದ್ದಿಲ್ಲ," ಎಂದರು ಮ್ಯಾನೇಜರು. "ಮಲಗ್ಯಾನ. ಎದ್ದು ಗಾಬರಿ ಬಿದ್ದು ಏನೇನೋ ಒತ್ಯಾನ."

ಮೌನೇಶನನ್ನು ಆ ವಾರವೇ ತೆಗೆದರು. ಆ ಒಂದು ಸಾಲು ಊರಿಗೂ ಹೋಯಿತು. ಕಂಪ್ಯೂಟರ್ ಚೆಂದ ಇತ್ತಂತೆ, ನಮ್ಮ ಹುಡುಗನೇ ನಿದ್ದೆ ಹೊಡೆದನಂತೆ. ಜನ ಅವನ ಮನೆ ಮುಂದೆ ಹೋಗಿ ನಿಂತರಂತೆ. ಅವನ ತಾಯಿ ನೀರಿಗೆ ಹೋದರೆ ಬೋರಿನ ಹತ್ತಿರ ಇದ್ದವರು ಎದ್ದು ಹೋಗುತ್ತಿದ್ದರಂತೆ. ತಿಂಗಳೊಳಗೆ ತಾಯಿ ಮಗ ಇಬ್ಬರೂ ಮನೆಗೆ ಬೀಗ ಹಾಕಿ ಕೆಂಭಾವಿಯಲ್ಲಿದ್ದ ಸೋದರಮಾವನ ಕಡೆ ಹೋದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ತಿಳಿಯಲು ನಾನು ಪ್ರಯತ್ನಪಡಲಿಲ್ಲ.

ಎರಡು ತಿಂಗಳ ಮೇಲೆ ಕಂಡುಬಂತು.

ಪರೀಕ್ಷೆಗೆಂದು ಫೋನ್ ಮಷೀನಿನ ನಕಲೊಂದನ್ನು ಅದೇ ಸರ್ವರಿನಲ್ಲಿ ಇಟ್ಟಿದ್ದೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅದು ನನ್ನ ಕಣ್ಣೆದುರಿಗೇ ಸಿಕ್ಕಿಬಿತ್ತು. ಅರ್ಧ ನಿಮಿಷ ಕಾದೆ. ಒಂದು ನಿಮಿಷ ಕಾದೆ. ಚೌಕ ಹಸಿರು. ಐದು ನಿಮಿಷವಾಯಿತು. ಇಪ್ಪತ್ತು ನಿಮಿಷ ಹಾಗೆಯೇ ಕುಳಿತಿದ್ದೆ, ಆ ಹಸಿರು ನೋಡುತ್ತ. ಕಾವಲುಗಾರ ಬರಲಿಲ್ಲ. ಮೌನೇಶ ಆ ಮಧ್ಯಾಹ್ನ ಏನು ನೋಡಿದನೋ ಅದನ್ನೇ ನಾನು ನೋಡುತ್ತಿದ್ದೆ.

ಮೊದಲು ಮಾಡಿದ್ದು ಸರ್ವರಿಗೆ ಹಳೆಯ ಕರ್ನಲ್ ವಾಪಸು ಹಾಕಿದ್ದು. ಆಮೇಲೆ, ಮೊದಲೇ ಮಾಡಬೇಕಿದ್ದ ಕೆಲಸ: ಫೋನ್ ಕಾರ್ಡನ್ನೇ ಬದಲಿಸಿದ್ದು. ಮೂರನೆಯದು, ಹೊಸ ಕರ್ನಲಿನಲ್ಲಿ ಏನು ಕೆಟ್ಟಿತು ಎಂದು ಹುಡುಕುವುದು.

ಕರ್ನಲಿನ ಕೋಡು ಎಲ್ಲರಿಗೂ ತೆರೆದದ್ದು, ಜಗತ್ತಿನ ಎಲ್ಲೆಲ್ಲಿಯವರೋ ಅದನ್ನು ತಿದ್ದುತ್ತಿರುತ್ತಾರೆ. ಹಳೆಯದಕ್ಕೂ ಹೊಸದಕ್ಕೂ ನಡುವೆ ಸಾವಿರಾರು ಬದಲಾವಣೆಗಳು. ಒಂದೊಂದನ್ನೇ ನೋಡುತ್ತ ಕುಳಿತರೆ ಆಯುಷ್ಯ ಸಾಲದು. ಅರ್ಧ ಮಾಡುತ್ತ ಹೋಗಬೇಕು. ನಡುವಿನ ಬದಲಾವಣೆಯವರೆಗಿನ ಕರ್ನಲನ್ನು ಸಿದ್ಧಮಾಡಿ ಹಾಕಿ ನೋಡುವುದು; ಕಾವಲು ಕೆಲಸ ಮಾಡಿದರೆ ತಪ್ಪು ಮುಂದಿನ ಅರ್ಧದಲ್ಲಿದೆ, ಮಾಡದಿದ್ದರೆ ಹಿಂದಿನ ಅರ್ಧದಲ್ಲಿ. ಮತ್ತೆ ಅದರ ಅರ್ಧ. ಉದ್ದ ಪೈಪಿನಲ್ಲಿ ನೀರು ಸೋರುವ ಜಾಗವನ್ನು ಅರ್ಧರ್ಧವಾಗಿ ನೋಡುತ್ತ ಹುಡುಕಿದಂತೆ. ನನ್ನಲ್ಲಿದ್ದದ್ದು ಮೂಲೆಗೆ ಸೇರಿದ್ದ ಒಂದು ಹಳೆಯ ಸರ್ವರ್. ಒಂದು ಕರ್ನಲ್ ಸಿದ್ಧಮಾಡಲು ಅದಕ್ಕೆ ಅರ್ಧ ದಿನ.

ಮೊದಲ ಸುತ್ತಿನಲ್ಲೇ ಎಡವಿದೆ. ಹೊಸ ಕರ್ನಲ್ ಹಾಕಿ ಒಳಗಿನ ಮಷೀನನ್ನು ಬೇಕೆಂದೇ ನಿಲ್ಲಿಸಿದರೂ ಆ ಹಳೆಯ ಸರ್ವರಿನಲ್ಲಿ ಕಾವಲು ಚೆನ್ನಾಗಿಯೇ ಎದ್ದು ಬರುತ್ತಿತ್ತು. ಒಂದು ವಾರ ತಲೆ ಕೆಟ್ಟಿತು. ಕೊನೆಗೆ ಎರಡು ಸರ್ವರುಗಳಿಗೆ ಏನು ವ್ಯತ್ಯಾಸ ಎಂದು ಹಾಳೆಯ ಮೇಲೆ ಬರೆಯುತ್ತ ಹೋದೆ. ಒಂದು ಸಾಲಿನಲ್ಲಿ ಪೆನ್ನು ನಿಂತಿತು. ತಾಸಿಗೊಮ್ಮೆ ಅಳೆಯುವ ನನ್ನ ಪ್ರೋಗ್ರಾಂ, ಮ್ಯಾನೇಜರರ ನಕ್ಷೆಯದು, ಹಳೆಯದರಲ್ಲಿ ಇರಲಿಲ್ಲ. ಹಚ್ಚಿದೆ. ಮೊದಲ ತಾಸಿಗೇ ಒಳಗಿನ ಮಷೀನಿನ ಕೌಂಟರು ನಿಂತಿತು, ಮತ್ತೆ ಏಳಲಿಲ್ಲ.

ಹದಿಮೂರು ಸಲ ಅರ್ಧ ಮಾಡಿದ ಮೇಲೆ ಒಂದೇ ಬದಲಾವಣೆ ಉಳಿಯಿತು. ಓದಿದರೆ ತಪ್ಪೇ ಕಾಣದಂಥದ್ದು. ಒಳಗಿನ ಮಷೀನಿನ ಕೌಂಟರನ್ನು ಮತ್ತೆ ಹೂಡಬೇಕಾದಾಗ, ಅಂದರೆ ಎಣಿಕೆಗೆ ಹಚ್ಚಬೇಕಾದಾಗ, ಸರ್ವರಿನ ಕರ್ನಲ್ ತನ್ನಲ್ಲಿ ಒಂದು ಗುರುತು ಹಾಕಿಕೊಳ್ಳುತ್ತದೆ. ಮೊದಲು, ಕೆಲಸ ಮುಗಿದ ಮೇಲೆ ಗುರುತು ಅಳಿಸುತ್ತಿತ್ತು. ಯಾರೋ ಕೋಡನ್ನು ಚೊಕ್ಕ ಮಾಡುವಾಗ, ಕೆಲಸಕ್ಕೆ ಕೈ ಹಾಕುವ ಮೊದಲೇ ಅಳಿಸುವಂತೆ ಸಾಲುಗಳನ್ನು ಸರಿಸಿದ್ದರು. ಕೌಂಟರು ಖಾಲಿ ಇದ್ದರೆ ಎರಡೂ ಒಂದೇ. ಆದರೆ ಆ ಕ್ಷಣದಲ್ಲಿ ಕೌಂಟರು ಬೇರೆಯವರ ಕೈಯಲ್ಲಿದ್ದರೆ ಕೆಲಸ ಆಗುವುದಿಲ್ಲ, ಗುರುತೂ ಉಳಿದಿರುವುದಿಲ್ಲ. ಹೂಡಬೇಕೆಂಬುದನ್ನೇ ಕರ್ನಲ್ ಮರೆತುಬಿಡುತ್ತದೆ. ಬೇರೆಯವರು ಅಂದರೆ ನನ್ನ ಪ್ರೋಗ್ರಾಂ.

ತಿದ್ದಲು ಬೇಕಾದದ್ದು ನಾಲ್ಕು ಸಾಲು. ಬರೆದು ಕರ್ನಲಿನ ಆ ಭಾಗ ನೋಡಿಕೊಳ್ಳುವವರ ಇ-ಮೇಲ್ ಪಟ್ಟಿಗೆ ಕಳಿಸಿದೆ. ಎಂಟು ದಿನದ ಮೇಲೆ, ನಾನೆಂದೂ ಮುಖ ನೋಡದ ಒಬ್ಬರಿಂದ ಉತ್ತರ ಬಂತು. ವಿವರಣೆ ಒಪ್ಪುವಂತಿದೆ, ಆದರೆ ತೋರಿಸುವ ಪರೀಕ್ಷೆ ಎಲ್ಲಿ? ಪರೀಕ್ಷೆ ಬರೆದೆ. ಸಾಲುಗಳ ಜಾಗ ಸರಿಯಿಲ್ಲ ಎಂದರು. ಸರಿಸಿದೆ. ಮೂರನೆಯ ಸಲ ಇನ್ನೊಬ್ಬರು, ಇದು ನಿಜವಾಗಿ ಯಾರಿಗಾದರೂ ತೊಂದರೆ ಕೊಟ್ಟಿದೆಯೇ ಅಥವಾ ಬರಿಯ ಸಾಧ್ಯತೆಯೇ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಎಲ್ಲರನ್ನೂ ಕೇಳುವಂಥದ್ದೇ. ನಾನು ಹೊತ್ತು ತೆಗೆದುಕೊಂಡು, "ಎಚ್ಚರಿಕೆ ಕೊಡುವ ಮಷೀನೊಂದು ಎರಡೂವರೆ ತಾಸು ನಿಂತಿತ್ತು, ಒಬ್ಬರು ತೀರಿಕೊಂಡರು" ಎಂದು ಬರೆದೆ. ಮರುದಿನವೇ ಒಪ್ಪಿಗೆ ಬಂತು. ಆ ತಿದ್ದುಪಡಿಯನ್ನು ಹಳೆಯ ಆವೃತ್ತಿಗಳಿಗೂ ಹಾಕುತ್ತೇವೆ ಎಂದರು.

ಇಂಥ ತಿದ್ದುಪಡಿಯ ಕೆಳಗೆ, ದೋಷವನ್ನು ಮೊದಲು ವರದಿ ಮಾಡಿದವರ ಹೆಸರು ಹಾಕುವ ಪದ್ಧತಿ ಇದೆ. ಅದು ನಾನಲ್ಲ ಎಂದು ನನಗನ್ನಿಸಿತು. ಕೊನೆಯ ಪ್ರತಿ ಕಳಿಸಲು ಎರಡು ದಿನ ಬಿಡುವು ಕೇಳಿ ಕೆಂಭಾವಿಗೆ ಹೋದೆ.

ಅವತ್ತು ಸಂತೆ. ಮೌನೇಶ ಮಾವನ ಜೊತೆ ಹಗ್ಗ, ಬಾರುಕೋಲು, ದನದ ಗಂಟೆ ಹರವಿಕೊಂಡು ಕುಳಿತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಮಾವ ಎದ್ದೇಳಲಿಲ್ಲ. ನಾನು ಅಲ್ಲೇ, ಜನರ ನಡುವೆಯೇ, ನಡೆದದ್ದನ್ನೆಲ್ಲ ಹೇಳಿದೆ. ಕೌಂಟರು, ಗುರುತು, ನನ್ನ ಪ್ರೋಗ್ರಾಂ, ನನ್ನ ಸಾಲು. ಅವನು ಒಂದು ಹಗ್ಗದ ತುದಿ ಹಿಡಿದು ಹುರಿ ಬಿಚ್ಚುತ್ತ ಕೇಳಿಸಿಕೊಂಡ.

"ಅಂದ್ರ ನಾ ಎಚ್ಚರ ಇದ್ದೆ ಅಂತ ಈಗ ಮಷೀನದಾಗ ಸಿಕ್ಕದ," ಎಂದ.

"ಸಿಕ್ಕದ."

"ನಿಮಗ ನಾಕು ತಿಂಗಳು ಬೇಕಾತು."

"ಹೌದು. ತಪ್ಪು ನಂದದ ಮೌನೇಶ."

ಹೆಸರಿನ ವಿಷಯ ಹೇಳಿದೆ. ಜಗತ್ತಿನ ಎಲ್ಲಾ ಕಡೆ ಹೋಗುವ ಕರ್ನಲಿನಲ್ಲಿ ನಿನ್ನ ಹೆಸರು ಇರುತ್ತದೆ ಎಂದೆ. ಹೇಳುವಾಗ ನನಗೇ ಅದು ದೊಡ್ಡ ಉಡುಗೊರೆಯ ಹಾಗೆ ಕಾಣುತ್ತಿತ್ತು.

"ಅಲ್ಲಿ ನನ್ನ ಹೆಸರು ಬ್ಯಾಡ್ರಿ ಅಕ್ಕಾರ," ಎಂದ. ದನಿ ಏರಿಸಲಿಲ್ಲ. "ಅಲ್ಲಿ ನನಗ ಯಾರು ಗೊತ್ತಾರ? ನಮ್ಮೂರಾಗ ಹೇಳ್ರಿ. ಕಟ್ಟಿಮ್ಯಾಲ ನಿಂತು, ನಿಂಗಪ್ಪಕಾಕಾನ ಮನ್ಯಾಗ, ಈಗ ನನಗ ಹೇಳಿದಂಗ ಹೇಳ್ರಿ."

ಮಾವ ಮೊದಲ ಸಲ ಬಾಯಿ ತೆರೆದ. "ಆಕಿ ಹೇಳಂಗಿಲ್ಲ ಬಿಡು."

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಸಂಸ್ಥೆಗೆ ಎರಡನೆಯ ವರದಿ ಬರೆದೆ, ಎಂಟು ಪುಟ. ಮ್ಯಾನೇಜರು ಓದಿದರು. "ಮೌನೇಶಂದು ಫೈಲ್ ಬಂದ್ ಆಗ್ಯದ. ಈಗ ತೆಗದ್ರ ಎಲ್ಲಾರ ಮ್ಯಾಲೂ ಬರ್ತದ, ನಿಮ್ಮ ಮ್ಯಾಲೂ," ಎಂದು ಕಪಾಟಿನಲ್ಲಿಟ್ಟರು. ಮೌನೇಶನಿಗೆ ನೌಕರಿ ವಾಪಸು ಸಿಗಲಿಲ್ಲ. ಕೇಳಿದೆ, ಮತ್ತೆ ಕೇಳಿದೆ, ಬಿಟ್ಟೆ. ರಾಜೀನಾಮೆ ಬರೆದು ಬ್ಯಾಗಿನಲ್ಲಿಟ್ಟುಕೊಂಡು ಎಷ್ಟೋ ದಿನ ಬಸ್ಸಿನಲ್ಲಿ ಓಡಾಡಿದೆ. ಕೊಡಲಿಲ್ಲ. ಇದಕ್ಕೆ ಒಳ್ಳೆಯ ಕಾರಣ ಹುಡುಕಿದರೆ ಸಿಗುತ್ತದೆ. ನಿಜವಾದ ಕಾರಣ ಹೆದರಿಕೆ.

ಊರಿಗೆ ಹೋಗುವುದನ್ನೂ ಹಾಗೇ ಮುಂದೂಡಿದೆ. ಚಳಿಗಾಲ ಹೋಯಿತು, ಬೇಸಿಗೆ ಹೋಯಿತು. ಮುಂದಿನ ವರ್ಷ ಮೊದಲ ಮಳೆ ಬಿದ್ದ ವಾರ ಒಂದು ಭಾನುವಾರ ಹೊರಟೆ. ಆ ಹೊತ್ತಿಗೆ ಮಾವನ ಮಾತೇ ನಿಜವಾಗಿಬಿಟ್ಟಿತ್ತು ಎನ್ನಬಹುದು.

ಕಟ್ಟೆಯ ಮೇಲೆ ಏಳೆಂಟು ಜನ ಇದ್ದರು. ಮೌನೇಶ ಮಲಗಿರಲಿಲ್ಲ, ಯಂತ್ರ ನಿಂತಿತ್ತು, ಯಂತ್ರ ಸರಿ ಇತ್ತು ಎಂದು ಬರೆದವಳು ನಾನು ಎಂದೆ. ಯಾರೂ ಬೈಯಲಿಲ್ಲ. ಒಬ್ಬ ಮುದುಕ ಮಾತ್ರ, "ಈಗ ಹೇಳಿದ್ರ ಏನು ಮಾಡೂನ್ರಿ? ಅವನ ಮನಿ ಬಾಗಲಾ ಒದ್ದವರು ನಾವೇ ಅದೀವಿ," ಎಂದು ತಲೆ ತಗ್ಗಿಸಿದ. ನಿಂಗಪ್ಪನ ತಮ್ಮ ಅಲ್ಲೇ ಇದ್ದ. ಅವನೇ ನನ್ನನ್ನು ಮನೆಗೆ ಕರೆದುಕೊಂಡು ಹೋದ.

ನಿಂಗಪ್ಪನ ಹೆಂಡತಿ ದೇವಮ್ಮ ತೊಗರಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡದೆ ಕೇಳಿಸಿಕೊಂಡಳು. ಕರ್ನಲ್ಲು, ಕೌಂಟರು ಎಲ್ಲ ಬಿಟ್ಟು ಹೇಳಿದೆ: ಎಚ್ಚರಿಕೆ ಕೊಡುವ ಯಂತ್ರ ನಿಂತರೆ ಅದನ್ನು ಎಬ್ಬಿಸಲು ಒಂದು ಕಾವಲಿತ್ತು, ಹೊಸದು ಹಾಕುವಾಗ ಆ ಕಾವಲು ಸತ್ತದ್ದನ್ನು ನಾನು ನೋಡಲಿಲ್ಲ, ನೋಡದೆ ಎಲ್ಲ ಸರಿ ಇದೆ ಎಂದು ಬರೆದೆ.

ಕಾಳಿನಲ್ಲಿದ್ದ ಒಂದು ಹರಳು ಆರಿಸಿ ಹೊರಗೆ ಎಸೆದಳು.

"ಆ ಹುಡುಗ ಇವರ ಮಣ್ಣಿಗೆ ಬಂದಾಗ ನಾ ಅವನ ಮುಖದ ಮ್ಯಾಲ ಉಗುಳಿದೆ," ಎಂದಳು. "ಒರಸಿಕೊಳ್ಳಲಿಲ್ಲ. ಹಂಗ ನಿಂತಿದ್ದ."

ನಾನು ನೆಲ ನೋಡುತ್ತಿದ್ದೆ.

"ಅವನ ನೌಕರಿ ಹೋತು. ನಿಮ್ಮದೂ ಹೋಗ್ಯದೇನ್ರಿ?"

"ಇಲ್ಲವ್ವ," ಎಂದೆ. "ಇನ್ನೂ ಅಲ್ಲೇ ಅದೀನಿ."

ದೇವಮ್ಮ ತಲೆ ಎತ್ತಿ ನನ್ನನ್ನು ಒಮ್ಮೆ ಪೂರಾ ನೋಡಿದಳು. ಆಮೇಲೆ ಮೊರಕ್ಕೆ ಮತ್ತೊಂದು ಬೊಗಸೆ ತೊಗರಿ ಸುರಿದುಕೊಂಡಳು.

"ಹಂಗಾರ ಎದ್ದು ಹೋಗ್ರಿ," ಎಂದಳು. "ಹೋಗಿ ನಿಮ್ಮ ಮಷೀನ್ ಮುಂದ ಕುಂದರ್ರಿ. ಮತ್ತ ಮಳಿ ಹಿಡದದ. ನನ್ನ ಮೈದುನ ನಾಳೆ ಹೊಳಿಗೆ ಇಳೀತಾನ."